ನಮ್ಮ ಗ್ಯಾಲಕ್ಸಿಯ ನಡುವಿನ ಉಬ್ಬು ಗುಂಡಗಿಲ್ಲ

ಗ್ಯಾಲಕ್ಸಿಯ ಚಿತ್ರ ಬರೆಯಿರಿ ಅಂದರೆ ಎಲ್ಲರೂ ಒಂದೇ ಥರ ಬರೆಯುತ್ತಾರೆ. ಚಪ್ಪಟೆ ತಟ್ಟೆ, ಸುತ್ತ ಸುರುಳಿ ತೋಳುಗಳು, ನಡುವೆ ಗುಂಡಗೆ ಒಂದು ಉಬ್ಬು. ಸೊಂಬ್ರೆರೊ ಗ್ಯಾಲಕ್ಸಿಗೆ ಇದು ಸರಿಯಾದ ಚಿತ್ರವೇ. ನಮ್ಮ ಕ್ಷೀರಪಥಕ್ಕೆ ಮಾತ್ರ ಒಪ್ಪುವುದಿಲ್ಲ. ಅದು ಗೊತ್ತಾಗಿ 30 ವರ್ಷ ಆಯಿತು, ಆದರೂ ಎಲ್ಲ ಕಡೆ ಅದೇ ಗುಂಡು ಉಬ್ಬನ್ನೇ ಬರೆಯುತ್ತಾರಲ್ಲ ಅನ್ನುವುದು ನನ್ನ ತಕರಾರು.

ಕಷ್ಟ ಏನಂದರೆ, ನಾವಿರುವುದೇ ಆ ತಟ್ಟೆಯೊಳಗೆ. ಕೇಂದ್ರ ಇರುವುದು ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ, ಧನು ರಾಶಿಯ ಕಡೆ, ವೃಶ್ಚಿಕದ ಬಾಲದ ಹತ್ತಿರ. ಮಧ್ಯೆ ಸಿಕ್ಕಾಪಟ್ಟೆ ಧೂಳು. ಅಲ್ಲಿಂದ ಹೊರಟ ಬೆಳಕಿನಲ್ಲಿ, ಕಣ್ಣಿಗೆ ಕಾಣುವ ಬೆಳಕಿನ ಮಾತು ಇದು, ಲಕ್ಷ ಕೋಟಿಗೆ ಒಂದು ಪಾಲು ನಮ್ಮ ತನಕ ಬಂದರೆ ಹೆಚ್ಚು.

ಈ ಧೂಳಿನಲ್ಲಿ ಕಿಂಡಿ ಹುಡುಕಿದವರು ವಾಲ್ಟರ್ ಬಾಡೆ. ಜರ್ಮನಿಯವರು, ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಕೆಲಸ. ಎರಡನೇ ಮಹಾಯುದ್ಧ ಬಂದಾಗ ಸಹೋದ್ಯೋಗಿಗಳೆಲ್ಲ ಯುದ್ಧದ ಕೆಲಸಕ್ಕೆ ಹೋದರು, ಶತ್ರು ದೇಶದವರೆಂದು ಇವರನ್ನು ಮಾತ್ರ ಸೇರಿಸಿಕೊಳ್ಳಲಿಲ್ಲ. ಹಾಗಾಗಿ 100 ಇಂಚಿನ ದೊಡ್ಡ ದೂರದರ್ಶಕ ಹೆಚ್ಚುಕಡಿಮೆ ಇವರ ಪಾಲಿಗೇ ಉಳಿಯಿತು, ಜೊತೆಗೆ ದಾಳಿಯ ಭಯಕ್ಕೆ ಲಾಸ್ ಏಂಜಲೀಸ್‌ನ ದೀಪಗಳೂ ಮಂಕಾಗಿದ್ದವು. ಅದೃಷ್ಟ ಅಂದರೆ ಇದೇ ಅಲ್ವಾ! ನಮ್ಮ ನೆರೆಯ ಆ್ಯಂಡ್ರೊಮಿಡಾ ಗ್ಯಾಲಕ್ಸಿಯ ನಡುಭಾಗದ ನಕ್ಷತ್ರಗಳನ್ನು ಮೊದಲ ಸಲ ಬಿಡಿಬಿಡಿಯಾಗಿ ಕಂಡವರು ಇವರೇ. ಆಮೇಲೆ ನಮ್ಮದೇ ಗ್ಯಾಲಕ್ಸಿಯ ಕಡೆ ತಿರುಗಿದರು. ಕೇಂದ್ರದಿಂದ ಸುಮಾರು 4 ಡಿಗ್ರಿ ಆಚೆ, ಎನ್‌ಜಿಸಿ 6522 ಅನ್ನುವ ನಕ್ಷತ್ರಗುಚ್ಛದ ಸುತ್ತ ಧೂಳು ತೆಳುವಾಗಿದೆ. ಅಲ್ಲಿಂದ ಉಬ್ಬಿನ ಒಳಗಿನ ನಕ್ಷತ್ರಗಳೇ ಕಾಣುತ್ತವೆ. ಇವತ್ತಿಗೂ ಅದರ ಹೆಸರು ಬಾಡೆ ಕಿಟಕಿ. ಬಾಡೆಗೆ ಆ ಜಾಗ ದಿಗಂತದಿಂದ 26 ಡಿಗ್ರಿ ಎತ್ತರಕ್ಕಷ್ಟೇ ಬರುತ್ತಿತ್ತು, ಬೆಂಗಳೂರಿನಲ್ಲಿ 47 ಡಿಗ್ರಿ ಏರುತ್ತದೆ. ಖುಷಿಪಡುವ ಹಾಗಿಲ್ಲ, ಅದು ರಾತ್ರಿ ಊಟದ ಹೊತ್ತಿಗೆ ಮೇಲೆ ಬರುವ ತಿಂಗಳುಗಳಲ್ಲಿ ನಮಗೆ ಮಳೆಗಾಲ. ಏಪ್ರಿಲ್‌ನಲ್ಲಿ ಬೆಳಗಿನ ಜಾವ ಏಳುವುದೇ ವಾಸಿ.

ಇನ್ನು ಆಕಾರದ ವಿಷಯ. ನಡುವೆ ಅನಿಲ ಓಡಾಡುವ ರೀತಿ ನೋಡಿ, ಅಲ್ಲಿ ನಕ್ಷತ್ರಗಳ ಉದ್ದನೆಯ ಪಟ್ಟಿಯೊಂದು ಇರಬೇಕು ಅಂತ 1964ರಲ್ಲೇ ಜೆರಾರ್ ದ ವೊಕುಲೋರ್ ಅನ್ನುವ ಖಗೋಳ ವಿಜ್ಞಾನಿ ಹೇಳಿದ್ದರು. ಅದು ಗಟ್ಟಿಯಾಗಿದ್ದು 1989ರಲ್ಲಿ ಹಾರಿದ ಕೋಬಿ ಉಪಗ್ರಹದಿಂದ, ಇನ್‌ಫ್ರಾರೆಡ್ ಬೆಳಕು ಧೂಳನ್ನು ದಾಟಿ ಬರುತ್ತದಲ್ಲ. ಅದರ ಚಿತ್ರದಲ್ಲಿ ಉಬ್ಬು ಪೆಟ್ಟಿಗೆಯ ಆಕಾರಕ್ಕಿದೆ, ಒಂದು ಪಕ್ಕ ಇನ್ನೊಂದಕ್ಕಿಂತ ದಪ್ಪ. ಪಟ್ಟಿಯ ಒಂದು ತುದಿ ನಮ್ಮ ಕಡೆ ವಾಲಿಕೊಂಡಿರುವುದರಿಂದ ಹಾಗೆ ಕಾಣುತ್ತದೆ. ನಮ್ಮ ನೇರನೋಟಕ್ಕೂ ಅದಕ್ಕೂ ಕೋನ ಸುಮಾರು 27 ಡಿಗ್ರಿ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು 2010ರ ಕಥೆ. ಒಳಗಡೆ ಹೀಲಿಯಂ ಉರಿಸುವ ಒಂದು ಜಾತಿಯ ಕೆಂಪು ನಕ್ಷತ್ರಗಳಿವೆ, ನಿಜವಾದ ಹೊಳಪು ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಮಂಕಾಗಿ ಕಂಡರೆ ದೂರ, ಪ್ರಕಾಶವಾಗಿ ಕಂಡರೆ ಹತ್ತಿರ. ಉಬ್ಬಿನ ಮೇಲುಭಾಗದ ಕಡೆ ನೋಡಿ ಇವನ್ನು ಎಣಿಸಿದಾಗ ಒಂದು ಗುಂಪಿನ ಬದಲು ಎರಡು ಸಿಕ್ಕವು. ಒಂದು ಹತ್ತಿರ, ಒಂದು ದೂರ, ಮಧ್ಯೆ ಕಡಿಮೆ. ಎರಡು ತಂಡಗಳು ಬೇರೆಬೇರೆಯಾಗಿ ಇದನ್ನೇ ಕಂಡವು. ಅಂದರೆ ಉಬ್ಬಿನೊಳಗೆ ನಕ್ಷತ್ರಗಳು ಇಂಗ್ಲಿಷಿನ ಎಕ್ಸ್ ಅಕ್ಷರದ ಹಾಗೆ ಹರಡಿವೆ, ಪಕ್ಕದಿಂದ ನೋಡಿದರೆ ಸಿಪ್ಪೆಯೊಳಗಿನ ಜೋಡಿ ಬೀಜದ ಕಡಲೆಕಾಯಿ!

ಹೀಗಾಗುವುದು ಹೇಗೆ? ತಟ್ಟೆಯಲ್ಲಿ ಹುಟ್ಟಿದ ಪಟ್ಟಿ ಒಂದು ಹಂತದಲ್ಲಿ ಮೇಲಕ್ಕೂ ಕೆಳಕ್ಕೂ ಬಾಗಿ ಉಬ್ಬಿಕೊಳ್ಳುತ್ತದೆ. ಕಂಪ್ಯೂಟರ್‌ನಲ್ಲಿ ಗ್ಯಾಲಕ್ಸಿಯ ಮಾದರಿ ಓಡಿಸಿ ನೋಡಿದವರಿಗೆ ಇದು 1981ರಷ್ಟು ಹಿಂದೆಯೇ ಕಂಡಿತ್ತು. ನಮ್ಮ ಉಬ್ಬಿನ ನಕ್ಷತ್ರಗಳ ವೇಗ ಅಳೆದಾಗ, ಮೇಲೆ ಇರುವವೂ ಕೆಳಗಿರುವವೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸುತ್ತುತ್ತಿದ್ದವು, ಉಬ್ಬಿದ ಪಟ್ಟಿಯಲ್ಲಿ ಇರಬೇಕಾದ ಹಾಗೇ. ಗ್ಯಾಲಕ್ಸಿಗಳು ಡಿಕ್ಕಿ ಹೊಡೆದು ಸೇರಿಕೊಂಡಾಗ ಆಗುವ ಹಳೇ ಥರದ ಗುಂಡು ಉಬ್ಬು ನಮ್ಮಲ್ಲಿ ಇದ್ದರೂ ಬಹಳ ಚಿಕ್ಕದು.

ದೂರದ ಗ್ಯಾಲಕ್ಸಿಗಳಲ್ಲಿ ಈ ಎರಡು ಥರದ ಉಬ್ಬುಗಳನ್ನು ಬೇರ್ಪಡಿಸಲು ಸರ್ಸಿಕ್ ಸಂಖ್ಯೆ ಬಳಸುತ್ತಾರೆ. ನಡುವಿನಿಂದ ಹೊರಗೆ ಹೋದಂತೆ ಬೆಳಕು ಹೇಗೆ ಕುಗ್ಗುತ್ತದೆ ಅನ್ನುವುದಕ್ಕೆ ಅದೊಂದು ಲೆಕ್ಕ, 2ಕ್ಕಿಂತ ಜಾಸ್ತಿ ಇದ್ದರೆ ಗುಂಡು, ಕಡಿಮೆ ಇದ್ದರೆ ತಟ್ಟೆಯಿಂದ ಬಂದದ್ದು ಅನ್ನುತ್ತಾರೆ. ಸುಮ್ನೆ ಒಂದೇ ಸಂಖ್ಯೆ ನೋಡಿ ಜಾತಿ ನಿರ್ಧರಿಸುವುದು ನನಗೆ ಸರಿ ಕಾಣುವುದಿಲ್ಲ. ಒಂದೇ ಗ್ಯಾಲಕ್ಸಿಯಲ್ಲಿ ಎರಡೂ ಇರಬಹುದು.

ಜಗಳ ಇನ್ನೂ ಮುಗಿಯದೇ ಇರುವುದು ವಯಸ್ಸಿನ ವಿಷಯದಲ್ಲಿ. ಹಬಲ್ ಚಿತ್ರಗಳ ಪ್ರಕಾರ ಉಬ್ಬಿನ ನಕ್ಷತ್ರಗಳು ಬಹುಪಾಲು 1,000 ಕೋಟಿ ವರ್ಷದ ಮುದುಕರು. ಆದರೆ ಬೇರೊಂದು ನಕ್ಷತ್ರ ಮುಂದೆ ಹಾದುಹೋದಾಗ ಅದರ ಗುರುತ್ವದಿಂದ ಕೆಲ ಕಾಲ ಪ್ರಕಾಶ ಹೆಚ್ಚಿದ ಚಿಕ್ಕ ನಕ್ಷತ್ರಗಳ ರೋಹಿತ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕು, ಹಿಡಿದವರಿಗೆ 500 ಕೋಟಿ ವರ್ಷಕ್ಕಿಂತ ಕಡಿಮೆ ವಯಸ್ಸಿನವೂ ಸಿಕ್ಕಿವೆ. ನನ್ನ ಓಟು ಎರಡನೆಯವರಿಗೆ. ಉಬ್ಬು ತಟ್ಟೆಯಿಂದಲೇ ಬಂದಿದ್ದರೆ ತಟ್ಟೆಯಲ್ಲಿದ್ದ ಎಳೆಯ ನಕ್ಷತ್ರಗಳೂ ಜೊತೆಗೆ ಬಂದಿರಬೇಕಲ್ವಾ?