‘ನಮ್ಮ ಕಂಪನಿಯಿಂದ ಏನು ಕಳಿಸೋಣ?’ ಅಂತ ಕೇಳೋರಿಗೆ

ಎಲ್ಲಾದ್ರೂ ಪ್ರವಾಹ ಬಂತು, ಭೂಕಂಪ ಆಯ್ತು ಅಂದ್ರೆ ಮೂರು ದಿನದೊಳಗೆ ನನ್ನ ಫೋನಿಗೆ ಒಂದು ಮೆಸೇಜ್ ಬಂದೇ ಬರುತ್ತೆ. "ನಮ್ಮ ಕಂಪನಿಯಿಂದ ಏನಾದ್ರೂ ಕಳಿಸ್ಬೇಕು ಅಂತಿದೀವಿ, ಏನು ಕಳಿಸೋಣ ಹೇಳಿ?" ನಾನು ಹಿಂದೆ ಕೆಲವು ವರ್ಷ ಒಂದು ಪರಿಹಾರ ಸಾಮಗ್ರಿ ಗೋಡೌನಲ್ಲಿ ಸ್ಟಾಕ್ ಲೆಕ್ಕ ಬರೀತಿದ್ದೆ, ಅದಕ್ಕೇ ಈ ಪ್ರಶ್ನೆ ಸುತ್ತಿ ಬಳಸಿ ನನ್ನ ಹತ್ರಾನೇ ಬರುತ್ತೆ. ಪ್ರತಿ ಸಲ ಅದನ್ನೇ ಟೈಪ್ ಮಾಡಿ ಸಾಕಾಗಿದೆ, ಈ ಸಲ ಪೂರ್ತಿ ಬರೆದೇಬಿಡ್ತೀನಿ, ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸಿದ್ರಾಯ್ತು.

ದುಡ್ಡು ಕಳಿಸಿ. ಇಲ್ಲಾಂದ್ರೆ ನಿಮ್ಮ ಕಂಪನಿ ದಿನಾ ಯಾವ ಕೆಲಸ ಮಾಡುತ್ತೋ ಅದನ್ನೇ ಅಲ್ಲಿ ಹೋಗಿ ಪುಕ್ಕಟೆ ಮಾಡಿಕೊಡಿ. ಎರಡೂ ಆಗಲ್ವಾ, ಸುಮ್ನೆ ಇದ್ಬಿಡಿ, ಅದೂ ಒಂದು ಉಪಕಾರಾನೇ.

ಇಷ್ಟು ಹೇಳಿದ್ರೆ ಆ ಕಡೆ ಮುಖ ಸಪ್ಪಗಾಗೋದು ಮೆಸೇಜಲ್ಲೇ ಕಾಣುತ್ತೆ. ಯಾಕಂದ್ರೆ ಅವರ ತಲೇಲಿ ಆಗ್ಲೇ ಒಂದು ಲಾರಿ ನಿಂತಿರುತ್ತೆ, ಲಾರಿಗೆ ಬ್ಯಾನರ್ ಕಟ್ಟಿರುತ್ತೆ, ಎಂಡಿ ಸಾಹೇಬ್ರು ಹಸಿರು ಬಾವುಟ ತೋರಿಸ್ತಿರ್ತಾರೆ. ಬ್ಯಾಂಕಿಂದ ಬ್ಯಾಂಕಿಗೆ ಹೋದ ದುಡ್ಡಿಗೆ ಎಲ್ಲಿ ಫೋಟೋ ತೆಗೆಯೋದು ಹೇಳಿ.

ಒಂದು ಡಬ್ಬದ ಕತೆ ಹೇಳ್ತೀನಿ. ಪ್ರವಾಹ ಆಗಿ ಹತ್ತನೇ ದಿನ ಇರ್ಬೇಕು, ಒಂದು ದೊಡ್ಡ ಕಂಪನಿಯಿಂದ ಶೂ ಬಂದಿದೆ ಅಂತ ನಲವತ್ತು ಡಬ್ಬ ಇಳಿಸಿದ್ರು, ಎಲ್ಲಾ ಹೊಸದು, ಒಳಗೆ ಪೇಪರ್ ಕೂಡ ಹಾಗೇ ಇತ್ತು. ನಾನು ಸೈಜ್ ಪ್ರಕಾರ ವಿಂಗಡಿಸೋಣ ಅಂತ ಒಂದು ಡಬ್ಬ ಬಿಚ್ಚಿ ಜೋಡಿ ಹುಡುಕ್ತೀನಿ, ಸಿಗ್ತಿಲ್ಲ. ಇನ್ನೊಂದು ಬಿಚ್ಚಿದೆ, ಅಲ್ಲೂ ಬಲಗಾಲಿಂದೇ. ಅಂಗಡಿ ಶೆಲ್ಫಲ್ಲಿ ಡಿಸ್‌ಪ್ಲೇಗೆ ಅಂತ ಒಂದೊಂದೇ ಇಡ್ತಾರಲ್ಲ, ಆ ಶೂಗಳು. ನಲವತ್ತು ಡಬ್ಬದಲ್ಲಿ ಎಡಗಾಲಿನ ಒಂದೂ ಇರ್ಲಿಲ್ಲ. ಜೊತೆಗೆ ಬಂದಿದ್ದ ಚಲನ್‌ನಲ್ಲಿ ಮಾತ್ರ ಒಂದೊಂದಕ್ಕೂ ಪೂರ್ತಿ ಎಂಆರ್‌ಪಿ ಹಾಕಿದ್ರು. ಅವತ್ತು ಮಳೆ ಬೇರೆ, ಹೊರಗೆ ಅಕ್ಕಿ ಲಾರಿ ಅನ್‌ಲೋಡ್ ಮಾಡೋಕೆ ಜಾಗ ಇಲ್ದೆ ನಿಂತಿತ್ತು, ಜಾಗಾನೆಲ್ಲಾ ಈ ಬಲಗಾಲುಗಳು ತಿಂದಿದ್ವು.

ಇದೇನೋ ಯಾರೋ ಒಬ್ರ ಎಡವಟ್ಟು ಅಂತ ನಗಬಹುದು, ಆದ್ರೆ ಔಷಧಿ ವಿಷಯದಲ್ಲಿ ಇದೇ ಕತೆ ಎಷ್ಟು ದೊಡ್ಡದಾಗಿ ನಡೆದಿದೆ ಅಂದ್ರೆ ನಗು ಬರಲ್ಲ. 1988ರಲ್ಲಿ ಆರ್ಮೇನಿಯಾದಲ್ಲಿ ಭೂಕಂಪ ಆದಾಗ ಸುಮಾರು 5,000 ಟನ್ ಔಷಧಿ ಮತ್ತೆ ವೈದ್ಯಕೀಯ ಸಾಮಾನು ಬಂದು ಬಿತ್ತು, ಅದನ್ನ ವಿಂಗಡಿಸೋಕೇ 50 ಜನಕ್ಕೆ ಆರು ತಿಂಗಳು ಹಿಡೀತು, ಅದರಲ್ಲಿ ತಕ್ಷಣಕ್ಕೆ ಉಪಯೋಗಿಸೋ ಹಾಗಿದ್ದಿದ್ದು ಶೇ. 30ರಷ್ಟು. ಬೋಸ್ನಿಯಾ ಯುದ್ಧದ ಟೈಮಲ್ಲಿ, 1992ರಿಂದ 96ರವರೆಗೆ, ಕೆಲಸಕ್ಕೆ ಬಾರದ ಔಷಧಿ ಬಂದಿದ್ದು ಅಂದಾಜು 17,000 ಟನ್, ಅದನ್ನ ಸುಟ್ಟು ಹಾಳು ಮಾಡೋ ಖರ್ಚೇ 3.4 ಕೋಟಿ ಡಾಲರ್ ಆಗುತ್ತೆ ಅಂತ ಲೆಕ್ಕ ಹಾಕಿದ್ರು. ಯುದ್ಧದಲ್ಲಿ ಬೆಂದ ದೇಶದ ತಲೆ ಮೇಲೆ ಇದೊಂದು ಬೇರೆ.

ಯಾಕೆ ಹಿಂಗೆ ಆಗುತ್ತೆ ಅಂದ್ರೆ, ಅವಧಿ ಮುಗೀತಿರೋ ಮಾಲನ್ನ ನಿಯಮದ ಪ್ರಕಾರ ನಾಶ ಮಾಡೋಕೆ ಕಂಪನಿಗೆ ಖರ್ಚಿದೆ, ದಾನ ಅಂತ ಕಳಿಸಿದ್ರೆ ಆ ಖರ್ಚು ಉಳೀತು, ಕೆಲವು ದೇಶಗಳಲ್ಲಿ ಮೇಲೆ ಟ್ಯಾಕ್ಸ್ ವಿನಾಯಿತಿನೂ ಸಿಗುತ್ತೆ. ಅಮೆರಿಕದಲ್ಲಂತೂ ಬಡವರಿಗೆ, ರೋಗಿಗಳಿಗೆ ಅಂತ ಸ್ಟಾಕ್ ಕೊಟ್ರೆ ತಯಾರಿ ವೆಚ್ಚದ ಎರಡು ಪಟ್ಟಿನವರೆಗೂ ಕಡಿತ ತೋರಿಸೋಕೆ ದಾರಿ ಇದೆ. ಎಲ್ಲಾ ಕಂಪನಿನೂ ಇದೇ ಲೆಕ್ಕ ಇಟ್ಕೊಂಡು ಕೊಡುತ್ತೆ ಅಂತ ನಾನು ಹೇಳ್ತಿಲ್ಲ, ಆದ್ರೆ ಗೋಡೌನ್ ಖಾಲಿ ಮಾಡೋದು ಮತ್ತೆ ಪುಣ್ಯ ಕಟ್ಕೊಳ್ಳೋದು ಒಂದೇ ಲಾರೀಲಿ ಆಗುತ್ತೆ ಅಂದ್ರೆ ಬೇಡ ಅನ್ನೋರು ಕಮ್ಮಿ. ಇದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧಿ ದಾನಕ್ಕೆ ಅಂತಲೇ ನಿಯಮ ಮಾಡ್ತು, ತಲುಪಿದ ಮೇಲೂ ಕನಿಷ್ಠ ಒಂದು ವರ್ಷ ಅವಧಿ ಉಳಿದಿರ್ಬೇಕು, ಲೇಬಲ್ ಅಲ್ಲಿನ ಡಾಕ್ಟ್ರಿಗೆ ಅರ್ಥ ಆಗೋ ಭಾಷೇಲಿ ಇರ್ಬೇಕು ಅಂತೆಲ್ಲಾ.

ಹಾಗಾದ್ರೆ ಕಂಪನಿಗಳು ಸಾಮಾನೇ ಕೊಡಬಾರದಾ ಅಂದ್ರೆ, ಕೊಡಬಹುದು, ಅದು ಅವರ ದಿನನಿತ್ಯದ ಕಸುಬಾಗಿದ್ರೆ. ಅಮೆರಿಕದ ಆನ್‌ಹೈಸರ್-ಬುಶ್ ಅನ್ನೋ ಬಿಯರ್ ಕಂಪನಿ 1988ರಿಂದ ಆಗಾಗ ಬಿಯರ್ ತುಂಬೋ ಲೈನ್ ನಿಲ್ಲಿಸಿ ಕ್ಯಾನಿಗೆ ಕುಡಿಯೋ ನೀರು ತುಂಬಿ ಚಂಡಮಾರುತದಂಥ ವಿಪತ್ತಿಗೆ ಕಳಿಸುತ್ತೆ. ಕ್ಯಾನ್ ಇದೆ, ಮೆಷಿನ್ ಇದೆ, ಲಾರಿ ಎಲ್ಲಿಗೆ ಹೇಗೆ ಹೋಗ್ಬೇಕು ಅಂತ ಗೊತ್ತಿದೆ, ಯಾರೂ ಹೊಸದಾಗಿ ಏನೂ ಕಲೀಬೇಕಿಲ್ಲ. ಡಿಎಚ್‌ಎಲ್ ಅನ್ನೋ ಪಾರ್ಸಲ್ ಕಂಪನಿಯೋರು 2005ರಿಂದ ವಿಶ್ವಸಂಸ್ಥೆ ಜೊತೆ ಒಪ್ಪಂದ ಮಾಡ್ಕೊಂಡು ತಮ್ಮ ನೌಕರರ ತಂಡಾನ ವಿಪತ್ತು ಆದ ಕಡೆಯ ಏರ್‌ಪೋರ್ಟಿಗೇ ಕಳಿಸ್ತಾರೆ. 2015ರಲ್ಲಿ ನೇಪಾಳದ ಭೂಕಂಪ ಆದಾಗ ಕಠ್ಮಂಡುವಿನಲ್ಲೂ ಇದ್ರು. ಏರ್‌ಪೋರ್ಟಲ್ಲಿ ಏನಪ್ಪಾ ಕೆಲಸ ಅಂತೀರಾ? ಪರಿಹಾರ ಸಾಮಗ್ರಿ ಸಿಕ್ಕಿಹಾಕ್ಕೊಳ್ಳೋದೇ ಅಲ್ಲಿ. ಸುನಾಮಿ ಆದ ಮೇಲೆ 2005ರ ಜನವರಿ 4ಕ್ಕೆ ಇಂಡೋನೇಷ್ಯಾದ ಬಾಂಡಾ ಆಚೆಯಲ್ಲಿ ಸಾಮಾನು ತಂದ ವಿಮಾನ ರನ್‌ವೇ ಮೇಲೆ ಜಾನುವಾರಿಗೆ ಗುದ್ದಿ ನಿಂತುಬಿಡ್ತು, ಇದ್ದಿದ್ದೇ ಒಂದು ರನ್‌ವೇ, ಅದು ಬಂದ್ ಆದ್ರೆ ಇಡೀ ಜಗತ್ತು ಕಳಿಸಿದ್ದು ಆಕಾಶದಲ್ಲೇ. ಇಳಿದ ಮೇಲೂ ಫೋರ್ಕ್‌ಲಿಫ್ಟ್ ಓಡಿಸೋಕೆ, ಪಟ್ಟಿ ಬರೆಯೋಕೆ, ಯಾವ ಪ್ಯಾಲೆಟ್ ಮೊದಲು ಹೋಗ್ಬೇಕು ಅಂತ ಹೇಳೋಕೆ ಜನ ಬೇಕು. ಆ ಕೆಲಸ ಪಾರ್ಸಲ್ ಕಂಪನಿಯವನಿಗೆ ನಿದ್ದೇಲೂ ಬರುತ್ತೆ, ನಮ್ಮಂಥವರು ಹೋದ್ರೆ ಅವನಿಗೆ ಅಡ್ಡ ಅಷ್ಟೇ.

ಈಗ ದುಡ್ಡಿನ ವಿಷಯ. ಎಲ್ಲಾ ಕಂಪನಿನೂ ಮೊದಲ ವಾರದಲ್ಲೇ ಕೊಡೋಕೆ ಓಡ್ತಾರೆ, ಟಿವಿಯಲ್ಲಿ ಬರ್ತಿರೋದು ಆಗಲೇ ತಾನೆ. ಊರು ಮತ್ತೆ ಕಟ್ಟೋಕೆ ಶುರು ಮಾಡೋದು ಆರು ತಿಂಗಳ ಮೇಲೆ, ಅಷ್ಟೊತ್ತಿಗೆ ಕ್ಯಾಮೆರಾನೂ ಇಲ್ಲ ಚೆಕ್ಕೂ ಇಲ್ಲ. ಇದರಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಜಪಾನಿನ ಯಾಮಾಟೋ ಪಾರ್ಸಲ್ ಕಂಪನಿ ಮಾಡಿದ್ದು. 2011ರ ಮಾರ್ಚಲ್ಲಿ ಭೂಕಂಪ, ಸುನಾಮಿ ಆಯ್ತಲ್ಲ, ಅವರು ಒಂದೇ ಸಲ ದೊಡ್ಡ ಮೊತ್ತ ಘೋಷಣೆ ಮಾಡ್ಲಿಲ್ಲ, ಮುಂದಿನ ಒಂದು ವರ್ಷ ತಲುಪಿಸೋ ಪ್ರತಿ ಪಾರ್ಸಲಿಗೆ 10 ಯೆನ್ ಎತ್ತಿಡ್ತೀವಿ ಅಂದ್ರು. ವರ್ಷ ಮುಗಿಯೋ ಹೊತ್ತಿಗೆ ಅದು ಸುಮಾರು 1,420 ಕೋಟಿ ಯೆನ್ ಆಗಿತ್ತು. ಅದು ಹೋಗಿದ್ದು ಹೆಚ್ಚಾಗಿ ಮೀನುಗಾರಿಕೆ, ಬೇಸಾಯ ಮತ್ತೆ ಕಾಲ ಮೇಲೆ ನಿಲ್ಲೋಕೆ, ಮಿನಾಮಿಸಾನ್ರಿಕು ಅನ್ನೋ ಊರಲ್ಲಿ ತಾತ್ಕಾಲಿಕ ಮೀನು ಮಾರ್ಕೆಟ್ ಕಟ್ಟೋದಕ್ಕೂ ಹೋಯ್ತು. ಮೀನು ಹಿಡಿದ್ರೆ ಮಾರೋಕೆ ಜಾಗ ಬೇಕಲ್ವಾ, ಕಂಬಳಿ ಎಷ್ಟು ಕೊಟ್ರೂ ಅದು ಮಾರ್ಕೆಟ್ ಆಗಲ್ಲ.

ಭಾರತದ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆ) ಕಾನೂನಲ್ಲೂ ಇದಕ್ಕೆ ದಾರಿ ಇದೆ, ಆದ್ರೆ ಬಳಸೋರು ಬೇಕು. ಇಂತಿಷ್ಟು ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಖರ್ಚು ಮಾಡ್ಬೇಕು ಅಂತ 2014ರ ಏಪ್ರಿಲಿಂದ ಜಾರಿಯಲ್ಲಿದೆ, ಯಾವುದಕ್ಕೆ ಖರ್ಚು ಮಾಡಬಹುದು ಅನ್ನೋ ಪಟ್ಟಿಯಲ್ಲಿ ಹಸಿವು-ಬಡತನ ಮೊದಲಿಂದಲೂ ಇತ್ತು, ವಿಪತ್ತು ಪರಿಹಾರ ಮತ್ತು ಪುನರ್ನಿರ್ಮಾಣ 2019ರಲ್ಲಿ ಸೇರ್ತು. ಮುಂದುವರಿಯೋ ಯೋಜನೆ ಆದ್ರೆ ಉಳಿದ ದುಡ್ಡನ್ನ ಬೇರೆ ಖಾತೆಗೆ ಹಾಕಿ ಮೂರು ವರ್ಷದೊಳಗೆ ಖರ್ಚು ಮಾಡಬಹುದು. ಅಂದ್ರೆ ಮಾರ್ಚ್ ಕೊನೇ ವಾರ ತಲೆ ಕೆಟ್ಟೋರ ಹಾಗೆ ಸ್ಕೂಲ್ ಬ್ಯಾಗ್ ಹಂಚೋ ಅಗತ್ಯ ಇಲ್ವೇ ಇಲ್ಲ. ಆದ್ರೂ ಹಂಚ್ತಾರೆ.

ಬಡತನದ ವಿಷಯಕ್ಕೆ ಬಂದ್ರೆ ಮತ್ತೆ ಶೂಗೇ ಬರ್ಬೇಕು, ನನ್ನ ಹಣೆಬರಹ. ಟಾಮ್ಸ್ ಅನ್ನೋ ಕಂಪನಿ 2006ರಿಂದ ಒಂದು ಜೊತೆ ಮಾರಿದ್ರೆ ಒಂದು ಜೊತೆ ಬಡ ಮಗುವಿಗೆ ಅಂತ ಶುರು ಮಾಡ್ತು. ಅವರದ್ದು ಜೋಡಿನೇ, ಬಲಗಾಲಿಂದಷ್ಟೇ ಅಲ್ಲ ಬಿಡಿ. ಅವರನ್ನ ಮೆಚ್ಚಬೇಕಾದ್ದು ಏನಂದ್ರೆ, ಇದರಿಂದ ಏನಾಗ್ತಿದೆ ನೋಡಿ ಅಂತ ಸಂಶೋಧಕರಿಗೆ ಬಾಗಿಲು ತೆಗೆದ್ರು. ಎಲ್ ಸಾಲ್ವಡಾರ್‌ನಲ್ಲಿ ಅಧ್ಯಯನ ಮಾಡಿದಾಗ ಮಕ್ಕಳಿಗೆ ಶೂ ಇಷ್ಟ ಆಗಿತ್ತು, ಹಾಕ್ಕೊಳ್ತಿದ್ರು, ಆದ್ರೆ ಬದುಕಲ್ಲಿ ಹೇಳಿಕೊಳ್ಳೋ ಬದಲಾವಣೆ ಕಾಣಲಿಲ್ಲ, ನಮಗೆ ಬೇಕಾದ್ದನ್ನ ಹೊರಗಿನವರು ಕೊಡ್ಬೇಕು ಅನ್ನೋ ಮಕ್ಕಳು ಸ್ವಲ್ಪ ಜಾಸ್ತಿ ಆಗಿದ್ರು. ಆಮೇಲೆ ಕಂಪನಿ ಆ ಪದ್ಧತಿ ಬಿಟ್ಟು ಲಾಭದಲ್ಲಿ ಮೂರನೇ ಒಂದು ಭಾಗ ಕೊಡೋಕೆ ಶುರು ಮಾಡ್ತು. ತಪ್ಪು ಗೊತ್ತಾದಾಗ ಬದಲಾಯಿಸಿದ್ರಲ್ಲ, ಎಷ್ಟು ಜನ ಮಾಡ್ತಾರೆ.

"ದುಡ್ಡು ಕೈಗೆ ಕೊಟ್ರೆ ಕುಡಿದು ಹಾಳ್ಮಾಡ್ತಾರೆ" ಅನ್ನೋ ಮಾತು ಪ್ರತಿ ಮೀಟಿಂಗಲ್ಲೂ ಒಬ್ರು ಹೇಳೇ ಹೇಳ್ತಾರೆ. ಕೆನ್ಯಾದಲ್ಲಿ ಗಿವ್‌ಡೈರೆಕ್ಟ್‌ಲಿ ಅನ್ನೋ ಸಂಸ್ಥೆ ಬಡ ಕುಟುಂಬಗಳಿಗೆ ಮೊಬೈಲ್ ಮೂಲಕ ನೇರ ದುಡ್ಡು ಕೊಟ್ಟಾಗ ನಡೆಸಿದ ಅಧ್ಯಯನದಲ್ಲಿ ಕುಡಿತ, ತಂಬಾಕಿನ ಖರ್ಚು ಹೆಚ್ಚಾಗಿರಲಿಲ್ಲ. ಊಟ, ಜಾನುವಾರು, ಮನೆ ಸಾಮಾನಿಗೆ ಹೋಗಿತ್ತು. 2012ರಲ್ಲಿ ಗೂಗಲ್ ಇದೇ ಸಂಸ್ಥೆಗೆ 24 ಲಕ್ಷ ಡಾಲರ್ ಕೊಡ್ತು.

ಸಾಮಾನಿನ ದಾನದಲ್ಲೂ ನಾನು ಕೈ ಮುಗಿಯೋದು ಒಂದಕ್ಕೆ ಇದೆ, ಮರ್ಕ್ ಅನ್ನೋ ಔಷಧಿ ಕಂಪನಿಯ ಮೆಕ್ಟಿಜಾನ್ ಮಾತ್ರೆ. ನದಿ ದಂಡೆಯ ನೊಣ ಕಚ್ಚಿ ಕಣ್ಣು ಹೋಗೋ ಕಾಯಿಲೆಗೆ ಅದು ಮದ್ದು, ಆ ಕಾಯಿಲೆ ಬರೋದೆಲ್ಲಾ ಕೊಳ್ಳೋ ಶಕ್ತಿ ಇಲ್ಲದವರಿಗೇ. 1987ರಲ್ಲಿ ಆಗಿನ ಮುಖ್ಯಸ್ಥ ರಾಯ್ ವಾಗೆಲೋಸ್, ಎಷ್ಟು ಬೇಕೋ ಅಷ್ಟು, ಎಷ್ಟು ದಿನ ಬೇಕೋ ಅಷ್ಟು ದಿನ ಪುಕ್ಕಟೆ ಕೊಡ್ತೀವಿ ಅಂತ ಘೋಷಿಸಿದ್ರು. 2013ರಲ್ಲಿ ಕೊಲಂಬಿಯಾ ಆ ಕಾಯಿಲೆಯಿಂದ ಮುಕ್ತ ಅಂತ ಘೋಷಣೆ ಆಯ್ತು, 26 ವರ್ಷ ಆದ ಮೇಲೆ.

ಮೊನ್ನೆ ಮೆಸೇಜ್ ಮಾಡಿದವರಿಗೆ ನಿಮ್ಮ ಕಂಪನಿ ಏನು ಮಾಡುತ್ತೆ ಸಾರ್ ಅಂತ ಕೇಳಿದೆ. ಸಂಬಳದ ಲೆಕ್ಕ ಮಾಡೋ ಸಾಫ್ಟ್‌ವೇರ್ ಅಂದ್ರು. ಹಂಗಾದ್ರೆ ಫಲಾನುಭವಿಗಳ ಪಟ್ಟಿ ಸರಿ ಮಾಡಿಕೊಡಿ, ಒಂದೇ ಹೆಸರು ಮೂರು ಸಲ ಇದೆ, ಬ್ಯಾಂಕ್ ಖಾತೆ ನಂಬರ್ ಒಂದಕ್ಕೊಂದು ತಾಳೆ ಆಗ್ತಿಲ್ಲ ಅಂದೆ. ಇಬ್ಬರು ಹುಡುಗರನ್ನ ಕೂರಿಸಿ ನಾಲ್ಕು ದಿನದಲ್ಲಿ ಮುಗಿಸಿಕೊಟ್ರು. "ಫೋಟೋ ತೆಗೆಯೋಕೆ ಏನೂ ಸಿಗ್ಲಿಲ್ವಲ್ಲ" ಅಂತ ಆಮೇಲೆ ಸ್ವಲ್ಪ ಬೇಜಾರು ಮಾಡ್ಕೊಂಡ್ರು. ಎಕ್ಸೆಲ್ ಶೀಟಿಂದು ಒಂದು ಸ್ಕ್ರೀನ್‌ಶಾಟ್ ಕಳಿಸಿದೀನಿ.