‘ಕಾರಣವನ್ನು ಅವರಿಗೇ ಹೇಳಿ’

“ಹಿರಿಯ ವಕೀಲರಿಗೆ ಆರೋಗ್ಯ ಸರಿಯಿಲ್ಲ, ಕಾಲಾವಕಾಶ ಬೇಕು ಸ್ವಾಮಿ” ಎಂದು ಈ ಮಂಗಳವಾರ ಹೇಳುವಾಗ ನನಗೆ ಅಳುಕೇನೂ ಇರಲಿಲ್ಲ. ಆರು ವರ್ಷಗಳ ವಕೀಲಿಕೆಯಲ್ಲಿ ನಾನು ಅತಿ ಹೆಚ್ಚು ಸಲ ಆಡಿರುವ ಮಾತು ಬಹುಶಃ ಅದೇ. ಹಿರಿಯರು ಆ ಹೊತ್ತಿಗೆ ಅದೇ ಕಟ್ಟಡದ ಮೇಲಂತಸ್ತಿನಲ್ಲಿ ಬೇರೊಂದು ಪ್ರಕರಣದಲ್ಲಿ ವಾದ ಮಂಡಿಸುತ್ತಿದ್ದರು.

ಅದು ಆಸ್ತಿ ವಿಭಾಗದ ದಾವೆ. ವಾದಿಯ ಎರಡನೆಯ ಸಾಕ್ಷಿಗೆ ನಾವು ಪಾಟೀಸವಾಲು, ಅಂದರೆ ಎದುರು ಪಕ್ಷದವರಾಗಿ ಪ್ರಶ್ನೆ, ಮಾಡಬೇಕಿತ್ತು. ಎಪ್ಪತ್ತು ದಾಟಿದ ಆ ರೈತರು ಬಂದದ್ದು ಅದು ಮೂರನೆಯ ಸಲ. ನ್ಯಾಯಾಧೀಶರು ಸಿಡುಕಲಿಲ್ಲ. ಕಡತದಿಂದ ತಲೆ ಎತ್ತಿ, “ಸಾಕ್ಷಿ ಕಟಕಟೆಯಲ್ಲೇ ಇದ್ದಾರಲ್ಲ, ಕಾರಣವನ್ನು ಅವರಿಗೇ ಹೇಳಿ” ಎಂದರು.

ತಿರುಗಿದೆ. ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು, ತಲೆಯ ಟವೆಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ ಅವರು, ಸವಾಲು ಶುರುವಾಯಿತೆಂದು ತಿಳಿದು ಕಿವಿಯನ್ನು ನನ್ನತ್ತ ಕೊಟ್ಟು “ಕೇಳಿ ಸ್ವಾಮಿ” ಎಂದರು. ಪೀಠದ ಮುಂದೆ ಸಲೀಸಾಗಿ ಬಂದಿದ್ದ ಸುಳ್ಳು ಅಲ್ಲಿ ಬಾಯಿಗೆ ಬರಲಿಲ್ಲ. “ನಮ್ಮ ಹಿರಿಯರು ಮೇಲಿನ ಕೋರ್ಟಿನಲ್ಲಿದ್ದಾರೆ” ಎಂದುಬಿಟ್ಟೆ.

ಐನೂರು ರೂಪಾಯಿ ಖರ್ಚು ಸಾಕ್ಷಿಗೆ ಕೊಡಬೇಕೆಂದು ಆದೇಶವಾಯಿತು. ಪಾಟೀಸವಾಲು ಇಲ್ಲವೆಂದು ಬರೆದು ಮುಗಿಸಲೂ ಕಾನೂನಿನಲ್ಲಿ ಅವಕಾಶವಿದೆ. ಅವರು ಹಾಗೆ ಮಾಡಲಿಲ್ಲ. ಈ ನ್ಯಾಯಾಧೀಶರು ಗಡಸು ಎಂಬ ದೂರು ವಕೀಲರ ಸಂಘದ ಕೊಠಡಿಯಲ್ಲಿ ದಿನವೂ ಕೇಳಿಬರುತ್ತದೆ. ನನಗಂತೂ ಹಾಗನ್ನಿಸಿಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೆಯ ಆದೇಶದ ಪ್ರಕಾರ ವಿಚಾರಣೆಯಲ್ಲಿ ಒಬ್ಬ ಪಕ್ಷಕಾರನಿಗೆ 3ಕ್ಕಿಂತ ಹೆಚ್ಚು ಮುಂದೂಡಿಕೆ ಸಲ್ಲದು. ವಕೀಲರು ಬೇರೆ ನ್ಯಾಯಾಲಯದಲ್ಲಿ ಕೆಲಸದಲ್ಲಿದ್ದಾರೆ ಎಂಬುದು ಮುಂದೂಡಿಕೆಗೆ ಕಾರಣವೇ ಅಲ್ಲ. ಕಾಯಿಲೆಯಾದರೆ, ಬೇರೆ ವಕೀಲರನ್ನು ಸಕಾಲದಲ್ಲಿ ನೇಮಿಸಿಕೊಳ್ಳಲು ಆಗುತ್ತಿರಲಿಲ್ಲವೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಟ್ಟು ಅವಕಾಶ ಪಡೆಯಬಹುದು. ನಿಜ ಹೇಳಿದರೆ ದಿನಾಂಕ ಸಿಗದು, ಜ್ವರ ಎಂದರೆ ಸಿಕ್ಕರೂ ಸಿಕ್ಕೀತು. ಹಾಗಾಗಿ ಗಟ್ಟಿಮುಟ್ಟಾದ ನಮ್ಮ ಹಿರಿಯರೆಲ್ಲ ಕಡತಗಳಲ್ಲಿ ಸದಾ ಹಾಸಿಗೆ ಹಿಡಿದಿರುತ್ತಾರೆ. ಪೀಠಕ್ಕೂ ಇದು ಗೊತ್ತು, ಎದುರು ವಕೀಲರಿಗೂ ಗೊತ್ತು. ನಾಳೆ ಅವರಿಗೂ ಅದೇ ಜ್ವರ ಬರಬೇಕಲ್ಲ! ನ್ಯಾಯಾಲಯವನ್ನು ಹೇಗೆ ಸಂಬೋಧಿಸಬೇಕೆಂದು ಭಾರತೀಯ ವಕೀಲರ ಪರಿಷತ್ತು 2006ರಲ್ಲಿ ನಿಯಮವನ್ನೇ ಮಾಡಿ, ಅಧೀನ ನ್ಯಾಯಾಲಯಗಳಲ್ಲಿ ‘ಸರ್’ ಅಥವಾ ಆಯಾ ಭಾಷೆಯ ಸಮಾನ ಪದ ಸಾಕೆಂದಿತು. ನಮ್ಮ ‘ಸ್ವಾಮಿ’ಯಲ್ಲಿ ಎಂದೂ ಕೊರತೆಯಿಲ್ಲ, ಅದರ ಹಿಂದುಮುಂದಿನ ಮಾತಿನಲ್ಲಿ ಮಾತ್ರ.

ಇಷ್ಟಕ್ಕೂ ಕಾನೂನನ್ನು ದೂರಿ ನಾನು ತಪ್ಪಿಸಿಕೊಳ್ಳುವಂತಿಲ್ಲ. ಕಕ್ಷಿದಾರರ ಪರ ನಡೆಸಲು ಅಧಿಕಾರ ಕೊಡುವ ಆ ವಕಾಲತ್ತಿನಲ್ಲಿ ನನ್ನ ಸಹಿಯೂ ಇದೆ. ಹಿಂದಿನ ರಾತ್ರಿ ಕಡತ ಓದಿ ಹನ್ನೊಂದು ಪ್ರಶ್ನೆಗಳನ್ನು ಬರೆದುಕೊಂಡಿದ್ದೆ. “ಕೇಳಿ ಸ್ವಾಮಿ” ಎಂದು ಆ ಮನುಷ್ಯ ಕಿವಿ ಕೊಟ್ಟಾಗ ಆ ಹಾಳೆ ನನ್ನ ಕೋಟಿನ ಜೇಬಿನಲ್ಲೇ ಇತ್ತು. ಕೇಳಬಹುದಿತ್ತು. ಹಿರಿಯರು ಏನೆಂದುಕೊಂಡಾರೋ ಎಂಬ ಭಯ ಅಡ್ಡ ಬಂತು. ಅವರು ಕಿರಿಯರ ಮೇಲೆ ಎಂದೂ ದನಿಯೇರಿಸದವರು, ಆದರೆ ಬಂದ ಯಾವ ಕಡತವನ್ನೂ ಬೇಡವೆನ್ನದವರು.

ಸಂಜೆ ಕಚೇರಿಯಲ್ಲಿ ಅವರು ಡೈರಿ ತೆರೆದು, “ಯಾವ ದಿನಾಂಕ ಕೊಟ್ಟರು?” ಎಂದು ಕೇಳಿದರು. ದಿನಾಂಕ ಹೇಳಿದೆ. ಖರ್ಚಿನ ವಿಷಯವನ್ನೂ ಹೇಳಿದೆ. ಅವರು ಎರಡನ್ನೂ ಬರೆದುಕೊಂಡು ಮುಂದಿನ ಕಡತ ಕೇಳಿದರು.