ಹಲಗೆ ಒಣಗುವವರೆಗೆ

ಮಾರ್ಚ್ 8, 2025, ಶನಿವಾರ

ತೋಟದ ಕಡೆಯ ಡೆಕ್, ಅಂದರೆ ಮರದ ಹಲಗೆಯ ಜಗಲಿ, ಅದರ ಮೇಲಿದ್ದ ಕುರ್ಚಿ, ಮೇಜು, ಕುಂಡಗಳನ್ನೆಲ್ಲ ಬೆಳಗ್ಗೆಯೇ ಕೆಳಗಿಳಿಸಿದೆವು. ಕುಂಡ ಎತ್ತಿದ ಕಡೆಯೆಲ್ಲ ದುಂಡನೆಯ ಕಪ್ಪು ಗುರುತು. ಅದನ್ನು ನೋಡಿದ ತಮ್ಮ, "ಅಕ್ಕ, ಪ್ರೆಶರ್ ವಾಷರ್ ಬಾಡಿಗೆಗೆ ತಂದಿದ್ದೇನೆ. ಮಧ್ಯಾಹ್ನದೊಳಗೆ ತೊಳೆದು ಸಂಜೆಗೆ ಸ್ಟೇನ್ ಹಚ್ಚಿ ಮುಗಿಸೋಣ" ಎಂದ. ವಾಷರ್ ಎಂದರೆ ರಭಸವಾಗಿ ನೀರು ಚಿಮ್ಮುವ ಯಂತ್ರ; ಸ್ಟೇನ್ ಎಂದರೆ ಮರವನ್ನು ಕಾಯುವ ಲೇಪ, ಸಾಮಾನ್ಯವಾಗಿ ಬಣ್ಣದ್ದು. ತೊಳೆದ ದಿನವೇ ಸ್ಟೇನ್ ಹಚ್ಚುವುದೆಂದರೆ ಒದ್ದೆ ತಲೆಗೆ ಎಣ್ಣೆ ತಿಕ್ಕಿದ ಹಾಗೆ. ಮರದ ರಂಧ್ರಗಳಲ್ಲೆಲ್ಲ ನೀರೇ ತುಂಬಿರುವಾಗ ಬಣ್ಣ ಇಳಿಯುವುದಾದರೂ ಎಲ್ಲಿಗೆ? ಹೇಳಿದೆ. ಅವನಿಗೆ ರುಚಿಸಲಿಲ್ಲ.

ತೊಳೆಯುವುದಕ್ಕೂ ಮೊದಲು ನಾನು ಸ್ಕ್ರೂಡ್ರೈವರ್ ಹಿಡಿದು ಮಂಡಿಯೂರುವವಳು. ಹಲಗೆಯ ತುದಿಗಳು, ಹಲಗೆ ತೊಲೆಯ ಮೇಲೆ ಕೂರುವ ಜಾಗ, ಮೆಟ್ಟಿಲಿನ ಬುಡ, ಈ ಮೂರು ಕಡೆ ಚುಚ್ಚಿ ನೋಡಿದರೆ ಡೆಕ್‌ನ ಆರೋಗ್ಯ ತಿಳಿಯುತ್ತದೆ. ಗಟ್ಟಿ ಮರದಲ್ಲಿ ಮೊನೆ ಇಳಿಯುವುದಿಲ್ಲ. ಮೀಟಿದರೆ ಉದ್ದನೆಯ ಸಿಬಿರು ಏಳುತ್ತದೆ. ಕೊಳೆತ ಮರದಲ್ಲಿ ಮೊನೆ ಸದ್ದಿಲ್ಲದೆ ಒಳಗೆ ಹೋಗುತ್ತದೆ, ಮೀಟಿದರೆ ಪುಡಿ ಪುಡಿಯಾಗಿ ಉದುರುತ್ತದೆ. ಮೆಟ್ಟಿಲಿನ ಪಕ್ಕದ ಒಂದು ಹಲಗೆಯ ತುದಿ ಹಾಗೆಯೇ ಉದುರಿತು. ಅದನ್ನು ಕಿತ್ತು ಹೊಸದನ್ನು ಕೂರಿಸಿದೆವು. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ನೀರು ಬೇಕೇ ಬೇಕು. ಮರದ ತೇವಾಂಶ ಶೇ. 20ರ ಕೆಳಗಿದ್ದರೆ ಅದು ತಲೆ ಎತ್ತುವುದಿಲ್ಲ. ಹಾಗಾಗಿ ಡೆಕ್ ನೋಡಿಕೊಳ್ಳುವುದೆಂದರೆ, ಬಿದ್ದ ನೀರು ಬೇಗ ಜಾಗ ಖಾಲಿ ಮಾಡುವಂತೆ ನೋಡಿಕೊಳ್ಳುವುದು. ಬಣ್ಣ, ಹೊಳಪಿನ ಮಾತೆಲ್ಲ ಆಮೇಲಿನದು.

ನೀರು ಹೋಗಬೇಕಾದ ದಾರಿ ಹಲಗೆಗಳ ನಡುವಿನ ಐದಾರು ಮಿಲಿಮೀಟರ್ ಸಂದು. ಅದರಲ್ಲಿ ಪುಟ್ಟಿ ಕತ್ತಿ ಆಡಿಸಿದಾಗ ಬಂದದ್ದು ತರಗೆಲೆ ಕೊಳೆತು ಆದ ಕಪ್ಪು ಮುದ್ದೆ, ಅದರೊಳಗೆ ಬೇರುಬಿಟ್ಟ ಒಂದು ಪುಟ್ಟ ಸಸಿ, ಒಂದು ಅಂಗಿ ಗುಂಡಿ, ತುಕ್ಕು ಹಿಡಿದ ಮೊಳೆ. ಮೇಲೆ ಬಿಸಿಲು ಕಾಯುತ್ತಿದ್ದರೂ ಆ ಮುದ್ದೆ ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು. ಬೇಸರದ ಕೆಲಸ, ಬೆನ್ನು ಹಿಡಿಯುವ ಕೆಲಸ. ಆದರೂ ವರ್ಷಕ್ಕೆ ಒಂದೇ ಕೆಲಸ ಮಾಡುತ್ತೇನೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ.

ಹಲಗೆಯ ಮೇಲಿನ ಬಣ್ಣಗಳಲ್ಲಿ ಒಂದೊಂದಕ್ಕೂ ಒಂದೊಂದು ಕಾರಣ. ಬೂದುಬಣ್ಣ ಬಿಸಿಲಿನದು: ಅತಿನೇರಳೆ ಕಿರಣಗಳು ಮರದ ನಾರನ್ನು ಹಿಡಿದಿಟ್ಟಿರುವ ಲಿಗ್ನಿನ್ ಅನ್ನು ಒಡೆಯುತ್ತವೆ, ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ, ಸಡಿಲವಾದ ನಾರು ಮೇಲೆ ಉಳಿಯುತ್ತದೆ. ಹಸಿರು ಪಾಚಿಯದು, ನೆರಳಿನ ಮೂಲೆಯಲ್ಲಿ ಹೆಚ್ಚು, ಕಾಲು ಜಾರುವುದೂ ಅಲ್ಲಿಯೇ. ಕಪ್ಪಿನಲ್ಲಿ ಮಾತ್ರ ಎರಡು ಜಾತಿ. ಚುಕ್ಕಿ ಚುಕ್ಕಿಯಾಗಿ ಹರಡಿದ್ದು ಸಾಮಾನ್ಯವಾಗಿ ಬೂಷ್ಟು. ಸ್ಕ್ರೂ ತಲೆಯ ಸುತ್ತ, ಕಬ್ಬಿಣದ ಕಾಲಿನ ಕುರ್ಚಿ ನಿಂತಿದ್ದ ಕಡೆ ಶಾಯಿ ಚೆಲ್ಲಿದಂತೆ ಕಾಣುವುದು ಮರದಲ್ಲಿರುವ ಒಗರಿನ ಅಂಶ, ಟ್ಯಾನಿನ್, ಕಬ್ಬಿಣದೊಂದಿಗೆ ಸೇರಿ ಆದ ಕಲೆ. ಗುಮಾನಿ ಇದ್ದರೆ ಒಂದು ತೊಟ್ಟು ಬ್ಲೀಚ್ ಹಾಕಿ ನೋಡಬಹುದು: ಬೂಷ್ಟಾದರೆ ತಿಳಿಯಾಗುತ್ತದೆ, ಕಬ್ಬಿಣದ ಕಲೆ ಕದಲುವುದಿಲ್ಲ.

ಪರೀಕ್ಷೆಗೆ ಒಂದು ತೊಟ್ಟು ಸರಿ. ಇಡೀ ಡೆಕ್‌ಗೆ ಕ್ಲೋರಿನ್ ಬ್ಲೀಚ್ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಅದು ಕೊಳೆಯ ಜೊತೆಗೆ ಲಿಗ್ನಿನ್ ಅನ್ನೂ ತಿನ್ನುತ್ತದೆ, ಸ್ಕ್ರೂಗಳಿಗೆ ತುಕ್ಕು ಹಿಡಿಸುತ್ತದೆ, ಪಕ್ಕದ ಗಿಡಗಳನ್ನು ಸುಡುತ್ತದೆ. ನಾನು ಬಳಸುವುದು ಸೋಡಿಯಂ ಪರ್ಕಾರ್ಬೊನೇಟ್ ಪುಡಿ. ನೀರಿಗೆ ಬಿದ್ದೊಡನೆ ಅದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ತೊಳೆಯುವ ಸೋಡಾ ಆಗಿ ಒಡೆಯುತ್ತದೆ. ಬೆಚ್ಚನೆಯ ನೀರಿನಲ್ಲಿ ಕಲಸಿ ಹರಡಿದಾಗ ಸಣ್ಣಗೆ ನೊರೆಗಟ್ಟುತ್ತ, ಬೂದು ಪದರದಿಂದ ಕಂದು ನೀರು ಬಿಡತೊಡಗಿತು. ಹದಿನೈದು ನಿಮಿಷ ಅದು ಒಣಗದಂತೆ ಆಗಾಗ ನೀರು ಚಿಮುಕಿಸಿ, ನಾರಿನ ದಿಕ್ಕಿನಲ್ಲೇ ಗಡಸು ನೈಲಾನ್ ಬ್ರಷ್‌ನಿಂದ ಉಜ್ಜಿದೆವು. ತಂತಿ ಬ್ರಷ್ ಬೇಡ. ಮುರಿದ ತಂತಿಯ ಚೂರುಗಳು ಮರದಲ್ಲಿ ಸಿಕ್ಕಿಕೊಂಡು ಮುಂದಿನ ಮಳೆಗೆ ತುಕ್ಕಿನ ಚುಕ್ಕಿಗಳಾಗುತ್ತವೆ.

ಪ್ರೆಶರ್ ವಾಷರ್ ಕಥೆ ಬಾಕಿ ಇದೆ. ಕಿತ್ತು ಹಾಕಿದ ಹಲಗೆಯ ಗಟ್ಟಿ ಭಾಗವನ್ನು ತಮ್ಮನ ಮುಂದಿಟ್ಟು, "ಇದರ ಮೇಲೆ ಹೊಡೆದು ತೋರಿಸು" ಎಂದೆ. ಹತ್ತಿರದಿಂದ, ಪೂರ್ತಿ ಒತ್ತಡದಲ್ಲಿ ಬಿಟ್ಟ. ಕೊಳೆ ಹೋಯಿತು, ಅದರೊಂದಿಗೆ ಮರವೂ ಹೋಯಿತು. ವಾರ್ಷಿಕ ಉಂಗುರಗಳಲ್ಲಿ ಮೆತ್ತಗಿದ್ದ ತಿಳಿ ಪಟ್ಟಿ ಕೊರೆದುಹೋಗಿ, ಗಟ್ಟಿ ಪಟ್ಟಿ ಮಾತ್ರ ಏಣು ಏಣಾಗಿ ಎದ್ದು ನಿಂತಿತ್ತು. ಮೇಲೆಲ್ಲ ನವಿರಾದ ರೋಮ. ಅವನೇ ಬೆರಳಾಡಿಸಿ ನೋಡಿ ಯಂತ್ರ ಆರಿಸಿದ. ಯಂತ್ರ ಬಳಸಲೇಬಾರದು ಎಂದು ನಾನು ಹೇಳುವುದಿಲ್ಲ. ಮೆದು ಮರವಾದರೆ ಒತ್ತಡ 500–600 ಪಿಎಸ್ಐ (ಯಂತ್ರದ ಮೇಲೆ ಬರೆದಿರುವ ಒತ್ತಡದ ಅಳತೆ) ದಾಟದಂತೆ, ಬೀಸಣಿಗೆಯಂತೆ ಹರಡುವ ನಳಿಕೆ ಹಾಕಿ, ಒಂದು ಅಡಿ ದೂರದಿಂದ, ಎಲ್ಲೂ ನಿಲ್ಲಿಸದೆ ಆಡಿಸಬಹುದು. ಕೊನೆಯ ತೊಳೆತಕ್ಕೆ ಅವನು ಹಾಗೆಯೇ ಬಳಸಿದ. ಬಾಡಿಗೆ ದಂಡವಾಗಲಿಲ್ಲ ಎಂಬ ಸಮಾಧಾನ ಅವನದು.

ಕಬ್ಬಿಣದ ಕಲೆಗಳಿಗೆ ಆಕ್ಸಾಲಿಕ್ ಆಮ್ಲದ ದ್ರಾವಣ ಹಚ್ಚಿದೆ. ಕಪ್ಪು ಕಣ್ಣೆದುರೇ ಮಾಸುತ್ತ ಹೋಗುವುದನ್ನು ನೋಡುವುದು ಈ ಕೆಲಸದ ಏಕೈಕ ಮನರಂಜನೆ. ಸೋಡಾದ ಕ್ಷಾರವನ್ನೂ ಅದು ತಗ್ಗಿಸುತ್ತದೆ, ಮರದ ಮೂಲಬಣ್ಣ ಮರಳುತ್ತದೆ. ಆದರೆ ಅದು ವಿಷ; ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬಾರದು. ಬ್ಲೀಚ್ ಜೊತೆ ಯಾವ ಕಾರಣಕ್ಕೂ ಸೇರಿಸಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಗಿಡಗಳಿಗೆ ಮೊದಲೇ ಚೆನ್ನಾಗಿ ನೀರು ಹಾಕಿ, ಕೆಲಸ ಮುಗಿದ ಮೇಲೆ ಇನ್ನೊಮ್ಮೆ ತೊಳೆದೆವು.

ಮಾರ್ಚ್ 9, ಭಾನುವಾರ

ಮೇಲ್ಮೈ ಒಣಗಿದಂತೆ ಕಾಣುತ್ತದೆ. ನಂಬುವಂತಿಲ್ಲ. ತೇವಮಾಪಕದ ಮುಳ್ಳುಗಳನ್ನು ಒತ್ತಿದರೆ ಶೇ. 24. ತಮ್ಮ ಮೋಡ ನೋಡುತ್ತಾನೆ, ನಾನು ಮಾಪಕ ನೋಡುತ್ತೇನೆ. ಇಬ್ಬರೂ ಸುಮ್ಮನಿದ್ದೇವೆ.

ಮಾರ್ಚ್ 15, ಶನಿವಾರ

ಎಲ್ಲ ಕಡೆ ಶೇ. 15ರ ಒಳಗೆ ಬಂದಿದೆ. ಮಾಪಕ ಇಲ್ಲದವರು ಹಲಗೆಯ ಮೇಲೆ ಕೆಲವು ಹನಿ ನೀರು ಬಿಟ್ಟು ನೋಡಿದರೂ ಸಾಕಷ್ಟು ತಿಳಿಯುತ್ತದೆ. ಹನಿ ಮುತ್ತಿನಂತೆ ಕುಳಿತರೆ ಮರ ಇನ್ನೂ ಒದ್ದೆ, ಅಥವಾ ಹಳೆಯ ಲೇಪ ಹೋಗಿಲ್ಲ. ಕೆಲವೇ ನಿಮಿಷಗಳಲ್ಲಿ ಹೀರಿಕೊಂಡರೆ ಸ್ಟೇನನ್ನೂ ಹೀರಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಸಂರಕ್ಷಕ ದ್ರಾವಣ ತುಂಬಿಸಿ ಬಂದ ಹೊಸ ಹಲಗೆ ಈ ಪರೀಕ್ಷೆಯಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಪಾಸಾಗುತ್ತದೆ. ನಾವು ಹಾಕಿದ ಹೊಸ ತುಂಡಿಗೂ ಇವತ್ತು ಸ್ಟೇನ್ ಇಲ್ಲ. ಸದ್ಯಕ್ಕೆ ಅದು ಗುಂಪಿನಲ್ಲಿ ಬೇರೆಯಾಗಿಯೇ ಕಾಣಲಿ.

ಎದ್ದ ನಾರನ್ನು ಒರಟಾದ 80ರ ದರ್ಜೆಯ ಸ್ಯಾಂಡ್ ಪೇಪರ್‌ನಿಂದ ತೀಡಿದೆವು. ಅದಕ್ಕಿಂತ ತೀರಾ ನಯವಾದದ್ದು ಬಳಸಿದರೆ ರಂಧ್ರ ಮುಚ್ಚಿ ಸ್ಟೇನ್ ಮೇಲೆಯೇ ನಿಲ್ಲುತ್ತದೆ. ಕೈ ಆಡುವ ಕಟಕಟೆಗೆ ಮಾತ್ರ ಒಂದು ದರ್ಜೆ ನಯ. ಹಳೆಯ ಡೆಕ್ ಇರುವವರು ಈ ಹಂತದಲ್ಲಿ ಸ್ವಲ್ಪ ನಿಲ್ಲಬೇಕು. ಕೊಳೆಯದಿರಲೆಂದು ಕ್ರೋಮಿಯಂ, ತಾಮ್ರ, ವಿಷವಾದ ಆರ್ಸೆನಿಕ್ ತುಂಬಿಸಿದ ಮರವನ್ನು ಮನೆಬಳಕೆಗೆ ತಯಾರಿಸುವುದನ್ನು ಅಮೆರಿಕದ ತಯಾರಕರು ನಿಲ್ಲಿಸಿದ್ದೇ 2003ರ ಕೊನೆಯಲ್ಲಿ. ಅಂಥ ಮರವನ್ನು ಉಜ್ಜಿ ದೂಳೆಬ್ಬಿಸುವುದೂ ಬೇಡ, ತುಂಡುಗಳನ್ನು ಒಲೆಗೆ ಹಾಕುವುದಂತೂ ಬೇಡವೇ ಬೇಡ.

ಸ್ಟೇನ್ ಯಾವುದು ಎಂಬುದಕ್ಕೆ ವಾರವಿಡೀ ಜಗಳ. ಮರದ ಅಂದ ಮುಚ್ಚಬಾರದು, ಬಣ್ಣವಿಲ್ಲದ್ದು ಹಚ್ಚೋಣ ಎನ್ನುವುದು ತಮ್ಮನ ವಾದ. ಬಿಸಿಲನ್ನು ತಡೆಯುವ ಮುಖ್ಯ ಕೆಲಸ ಬಣ್ಣದ ಕಣಗಳದು. ಬಣ್ಣವಿಲ್ಲದ ಲೇಪ ನೀರನ್ನು ತಕ್ಕಮಟ್ಟಿಗೆ ದೂರವಿಟ್ಟರೂ ಮರ ಬೇಗ ಬೂದಾಗುತ್ತದೆ. ಇನ್ನೊಂದು ತುದಿಯಲ್ಲಿ ಪೂರ್ತಿ ಮುಚ್ಚುವ ಸ್ಟೇನ್ ಇದೆ. ಬಿಸಿಲಿಗೆ ಅದು ಚೆನ್ನಾಗಿ ತಡೆಯುತ್ತದೆ, ಆದರೆ ಮೇಲೆ ಪೊರೆ ಕಟ್ಟುವ ಜಾತಿಯದು. ಜನ ನಡೆಯುವ ಜಾಗದಲ್ಲಿ ಪೊರೆ ಒಂದಲ್ಲ ಒಂದು ದಿನ ಬಿರಿಯುತ್ತದೆ, ಬಿರುಕಿನಲ್ಲಿ ಇಳಿದ ನೀರು ಅಡಿಯಲ್ಲಿ ಸಿಕ್ಕಿಬೀಳುತ್ತದೆ, ಚಕ್ಕೆ ಏಳುತ್ತದೆ. ಆಮೇಲೆ ಎಲ್ಲವನ್ನೂ ಕೆರೆದು ತೆಗೆಯಬೇಕು. ಹಾಗಾಗಿ ಮರದೊಳಗೆ ಇಳಿಯುವ, ಅರೆಪಾರದರ್ಶಕವಾದ ಎಣ್ಣೆ ಸ್ಟೇನ್. ಅದು ಬಾಳುವುದು ಕಡಿಮೆ, ಎರಡು ಮೂರು ವರ್ಷಕ್ಕೆ ಮಾಸುತ್ತದೆ. ಆದರೆ ಮಾಸುತ್ತದೆಯೇ ಹೊರತು ಸುಲಿಯುವುದಿಲ್ಲ. ತೊಳೆದು, ಒಣಗಿಸಿ, ಮತ್ತೆ ಹಚ್ಚಿದರಾಯಿತು.

ಬಿಸಿಲು ಡೆಕ್‌ನಿಂದ ಸರಿದ ಮೇಲೆ ಶುರು ಮಾಡಿದೆವು. ಕಾದ ಹಲಗೆಯ ಮೇಲೆ ಸ್ಟೇನ್ ಇಳಿಯುವ ಮೊದಲೇ ಒಣಗಿ ಪಟ್ಟೆ ಬೀಳುತ್ತದೆ. ಡಬ್ಬಗಳನ್ನೆಲ್ಲ ಒಂದೇ ಬಕೆಟ್‌ಗೆ ಸುರಿದು, ತಳದಲ್ಲಿ ಕೂತ ಬಣ್ಣ ಏಳುವವರೆಗೆ ಕೋಲಿನಿಂದ ಕದಡಿದೆ. ನಡುನಡುವೆಯೂ ಕದಡುತ್ತಲೇ ಇರಬೇಕು. ಮೊದಲ ಕುಂಚ ಹಲಗೆಗಳ ಕೊಯ್ದ ತುದಿಗೆ. ಮರ ಅತಿ ಹೆಚ್ಚು ನೀರು ಕುಡಿಯುವುದು ಆ ಬಾಯಿಂದಲೇ. ಹಚ್ಚಿದಷ್ಟೂ ಕುಡಿಯಿತು, ಮತ್ತೆ ಹಚ್ಚಿದೆ. ಆಮೇಲೆ ಎರಡು ಹಲಗೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ, ನಡುವೆ ನಿಲ್ಲದೆ. ಹಸಿಯ ಅಂಚಿಗೆ ಹಸಿ ಸೇರಿದರೆ ಗುರುತು ಉಳಿಯುವುದಿಲ್ಲ. ತಮ್ಮ ಹಿಂದಿನಿಂದ ಬಟ್ಟೆ ಹಿಡಿದು, ಕಾಲು ಗಂಟೆಯ ಮೇಲೂ ಹೊಳೆಯುತ್ತಿದ್ದ ಕಡೆ ಒರೆಸುತ್ತ ಬಂದ. "ದುಡ್ಡು ಕೊಟ್ಟು ತಂದದ್ದನ್ನು ಒರೆಸಿ ಎಸೆಯುವುದೇ?" ಎಂದು ಗೊಣಗಿದ. ಇಳಿಯದೆ ಮೇಲೆ ನಿಂತ ಸ್ಟೇನ್ ಅಂಟಂಟಾಗಿ ಉಳಿದು ದೂಳನ್ನೆಲ್ಲ ಹಿಡಿಯುತ್ತದೆ, ಒರೆಸಲೇಬೇಕು.

ಆ ಒರೆಸಿದ ಬಟ್ಟೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಒಣಗುವ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರುವಾಗ ಬಿಸಿ ಹುಟ್ಟುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಹೋಗದೆ ಏರುತ್ತ ಹೋಗಿ, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳಬಹುದು. ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಕ್ಕೆ ಎಲ್ಲವನ್ನೂ ಎಣಿಸಿ ಹಾಕಿದೆ. ಒಂದು ಕಡಿಮೆ ಇತ್ತು. ತಮ್ಮನ ಜೇಬಿನಿಂದ ಬಂತು.

ಎರಡು ದಿನ ಡೆಕ್ ಮೇಲೆ ಯಾರೂ ಕಾಲಿಡುವಂತಿಲ್ಲ. ಕುಂಡಗಳು ಇನ್ನು ಮುಂದೆ ಹಲಗೆಗೆ ನೇರವಾಗಿ ತಾಗದಂತೆ ಸಣ್ಣ ಕಾಲುಗಳ ಮೇಲೆ ಕೂರುತ್ತವೆ. ಕುರ್ಚಿಯ ಕಬ್ಬಿಣದ ಕಾಲಿಗೆ ರಬ್ಬರ್ ಟೋಪಿ ತರಬೇಕು. ಸಂದುಗಳನ್ನು ತಿಂಗಳಿಗೊಮ್ಮೆ ಕೆದಕುವ ಕೆಲಸವನ್ನು ತಮ್ಮ ತಾನಾಗಿಯೇ ವಹಿಸಿಕೊಂಡಿದ್ದಾನೆ. ಎಷ್ಟು ತಿಂಗಳು ಎಂದು ನಾನು ಕೇಳಲಿಲ್ಲ.